ವಚನಾ ಮೇಡಂ ಅಳತೆಯ ಜಾಕೆಟ್ಟು

“ನೀನು ಒಂದ್ಸಲ ಹಾಕ್ಕೊಂಡು ತೋರಿಸು, ಸಾಕು ಕಣೇ. ವಚನಾ ಮೇಡಂ ಹೆಚ್ಚೂಕಮ್ಮಿ ನಿನ್ನಷ್ಟೇ ಇದಾರೆ” ಎಂದ ನನ್ನ ಗಂಡ ನಾಗೇಂದ್ರ.

ಶನಿವಾರ ಬೆಳಿಗ್ಗೆ ದೋಸೆ ಹುಯ್ಯುತ್ತಾ ನಿಂತಿರುವ ಹೆಂಡತಿಗೆ ಹೇಳುವ ಮಾತೇ ಇದು? ಕೈಯಲ್ಲಿ ಸಟ್ಟುಗ ಇತ್ತು. ಅದನ್ನು ದೋಸೆಗೇ ಬಳಸಿದೆ. ನನ್ನ ತಾಳ್ಮೆಯನ್ನು ಯಾರಾದರೂ ಮೆಚ್ಚಬೇಕಿತ್ತು, ಈ ಮನೆಯಲ್ಲಿ ಯಾರೂ ಮೆಚ್ಚುವುದಿಲ್ಲ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಗಂಡನಿಗೆ ನಾನು ಎದುರಿಗೆ ‘ನೀವು’ ಎನ್ನುತ್ತೇನೆ, ಮನಸ್ಸಿನಲ್ಲಿ ‘ಅವನು’ ಎನ್ನುತ್ತೇನೆ. ವಚನಾಳನ್ನು ಅವನು ಎದುರಿಗೂ ಬೆನ್ನ ಹಿಂದೆಯೂ ‘ಮೇಡಂ’ ಎನ್ನುತ್ತಾನೆ. ನನಗೆ ಅವಳು ಬರೀ ‘ಅವಳು’. ಇಲ್ಲಿ ನಾನು ಹೇಳುತ್ತಿರುವುದು ಮನಸ್ಸಿನ ಮಾತು, ಮರ್ಯಾದೆ ಹುಡುಕಬೇಡಿ.

ವಿಷಯ ಇಷ್ಟು. ನಾಗೇಂದ್ರನ ಕಚೇರಿಯ ನಾಲ್ಕೈದು ಜನಕ್ಕೆ ಕಯಾಕಿನಲ್ಲಿ ಕೂತು ಮೀನು ಹಿಡಿಯುವ ಹುಚ್ಚು. ಕಯಾಕ್ ಎಂದರೆ ಉದ್ದನೆಯ ಪ್ಲಾಸ್ಟಿಕ್ ದೋಣಿ. ಅದರ ಮೇಲೆ ಕಾಲು ಚಾಚಿ ಕೂತು, ಪ್ಯಾಡಲ್ ಹಾಕುತ್ತಾ ಕೆರೆಯ ನಡುವಿಗೆ ಹೋಗಿ ಅಲ್ಲಿ ಗಾಳ ಬಿಡುತ್ತಾರೆ. ನಮ್ಮಪ್ಪ ಅದನ್ನು ತೆಪ್ಪ ಎನ್ನುತ್ತಿದ್ದ, ಪ್ಯಾಡಲ್ಲನ್ನು ಹುಟ್ಟು ಎನ್ನುತ್ತಿದ್ದ, ಅವನಿಗೆ ಅದು ಹೊಟ್ಟೆಪಾಡು. ಇವರಿಗೆ ಭಾನುವಾರದ ಖುಷಿ. ಬೆಳಕು ಹರಿಯುತ್ತಲೇ ಮಾಗಡಿ ಕಡೆಯ ಒಂದು ಕೆರೆಗೆ ಹೊರಡುತ್ತಾರೆ.

ಗುಂಪಿಗೆ ಮುಂದಾಳು ವಚನಾ. ಗದಗದ ಕಡೆಯವಳು, ಇವನ ಸೆಕ್ಷನ್ನಿನ ಆಫೀಸರು, ಬಸವೇಶ್ವರನಗರದಲ್ಲಿ ಮನೆ, ಗಂಡನಿಗೆ ಧಾರವಾಡದಲ್ಲಿ ಕೆಲಸ. ಲಿಂಗಾಯತರು, ಮೀನು ಮುಟ್ಟುವುದಿಲ್ಲ. ಅಲ್ಲ, ಮುಟ್ಟುತ್ತಾಳೆ, ತಿನ್ನುವುದಿಲ್ಲ. ಹಿಡಿದು, ಬಾಯಿಂದ ಕೊಕ್ಕೆ ಬಿಡಿಸಿ, ಒಂದು ಫೋಟೋ ತೆಗೆಸಿಕೊಂಡು, ಮತ್ತೆ ನೀರಿಗೆ ಬಿಡುತ್ತಾಳಂತೆ. ಇದನ್ನು ಮೊದಲ ಸಲ ಕೇಳಿದಾಗ ನಾನು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದೆ. ತಿನ್ನುವುದಿಲ್ಲ ಅಂದ ಮೇಲೆ ಆ ಬಡಪಾಯಿಯ ತಂಟೆಗೆ ಯಾಕೆ ಹೋಗಬೇಕು?

“ಅದೊಂದು ಕಲೆ ಕಣೇ. ನಿನಗೆ ಅರ್ಥ ಆಗಲ್ಲ” ಎಂದಿದ್ದ ನಾಗೇಂದ್ರ.

ನನಗೆ ಅರ್ಥವಾಗುವುದಿಲ್ಲವಂತೆ. ಕೆಂಗೇರಿ ಮುನಿಯಣ್ಣನ ಮಗಳಿಗೆ! ಮದುವೆಯಾದ ಹೊಸದರಲ್ಲಿ ಈ ಮಹಾನುಭಾವ ಎರೆಹುಳು ಕಂಡರೆ ಮುಖ ಸಿಂಡರಿಸುತ್ತಿದ್ದ. ಅಪ್ಪ ಇವನನ್ನು ಕೆರೆ ಏರಿಗೆ ಕರೆದುಕೊಂಡು ಹೋದಾಗ, ಪಕ್ಕದಲ್ಲಿ ಕೂತು ಕೊಕ್ಕೆಗೆ ಹುಳು ಪೋಣಿಸಿಕೊಟ್ಟವಳು ನಾನು. ಬೆಂಡು ಮುಳುಗಿದ ತಕ್ಷಣ ಎಳೆಯಬೇಡಿ, ಎರಡನೇ ಸಲ ಮುಳುಗಲಿ ಎಂದು ಹೇಳಿಕೊಟ್ಟವಳು ನಾನು. ಮೊದಲ ಜಿಲೇಬಿ ಮೀನು ದಾರದ ತುದಿಯಲ್ಲಿ ಒದ್ದಾಡಿದಾಗ ಇವನು ಕೂಗಿದ್ದು “ಶಶೀ” ಎಂದು. ಆ ಕೂಗು ಇವತ್ತಿಗೂ ಕಿವಿಯಲ್ಲಿದೆ. ಅಪ್ಪ ನಕ್ಕು, “ಅಳಿಯಂದ್ರು ಪಾಸಾದ್ರು” ಎಂದಿದ್ದ.

ಅಪ್ಪ ಹೋದ ಮೇಲೂ ಇವನು ಗಾಳ ಬಿಡಲಿಲ್ಲ. ಭಾನುವಾರ ಮಧ್ಯಾಹ್ನದ ಹೊತ್ತಿಗೆ ಚೀಲದಲ್ಲಿ ಏನಾದರೂ ಬಂದೇ ಬರುತ್ತಿತ್ತು. ಬಾಪೂಜಿನಗರದ ನಮ್ಮ ಎರಡು ಕೋಣೆಯ ಮನೆಯಲ್ಲಿ ಅವತ್ತು ಹಬ್ಬ. ತಲೆ ಇವನಿಗೆ, ನಡುವಿನ ತುಂಡು ಅತ್ತೆಗೆ, ಬಾಲ ನನಗೆ. ಕಚೇರಿಯಲ್ಲಿ ಇವನಿಗೆ ಪ್ರಮೋಷನ್ ಬಂದು, ಸೆಕ್ಷನ್ ಬದಲಾಗಿ, ವಚನಾ ಮೇಡಂ ಗುಂಪಿಗೆ ಸೇರಿದ ಮೇಲೆ ಚೀಲ ಬರಿದಾಗಿ ಬರತೊಡಗಿತು.

“ಏನೂ ಕಚ್ಚಲಿಲ್ಲ ಕಣೇ” ಎನ್ನುತ್ತಿದ್ದ.

ನಾನು ನಂಬಿದೆ. ಪ್ರತಿ ಭಾನುವಾರ ಕೊತ್ತಂಬರಿ ಬೀಜ, ಒಣಮೆಣಸಿನಕಾಯಿ ಹುರಿದು, ತೆಂಗಿನಕಾಯಿ ಹಾಕಿ ರುಬ್ಬಿ, ಹುಣಸೆಹಣ್ಣು ನೆನೆಸಿಟ್ಟು ಕಾಯುತ್ತಿದ್ದೆ. ಬಂದವನ ಕೈ ಖಾಲಿ ನೋಡಿ ಅದೇ ಮಸಾಲೆಗೆ ಎರಡು ಮೊಟ್ಟೆ ಒಡೆದು ಹಾಕುತ್ತಿದ್ದೆ. ಪಾಪ, ಇಷ್ಟು ದೂರ ಹೋಗಿ ಬರಿಗೈಯಲ್ಲಿ ಬರುತ್ತಾನಲ್ಲ ಎಂದು ಮರುಗುತ್ತಿದ್ದೆ. ಒಂದು ದಿನವಂತೂ ಇವನ ಗಾಳದ ಕೋಲಿಗೆ ಯಾರದೋ ಕಣ್ಣು ಬಿದ್ದಿದೆ ಎನ್ನಿಸಿಬಿಟ್ಟಿತು. ಕೋಲನ್ನು ಗೋಡೆಗೆ ಒರಗಿಸಿ, ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದೆ. ಘಾಟಿಗೆ ಅತ್ತೆ ಕೆಮ್ಮಿದರು. ನಾಗೇಂದ್ರ ಅಲ್ಲೇ ಗೋಡೆಗೆ ಒರಗಿ ನಿಂತು ನೋಡುತ್ತಿದ್ದ.

ಈಗ ಬೋನಸ್ಸಿನಲ್ಲಿ ಎರಡು ಸೀಟಿನ ಹಳೆಯ ಕಯಾಕ್ ಕೊಂಡು ತಂದಿದ್ದಾನೆ. ತಾರಸಿಯ ಮೇಲೆ ನಾನು ಬಟ್ಟೆ ಹರಡುವ ಜಾಗದಲ್ಲಿ ಅದು ಮಲಗಿದೆ. ಮನೆ ಓನರ್ ಇಂದ್ರಮ್ಮ ಹತ್ತಿ ಇಳಿಯುವಾಗಲೆಲ್ಲ ಅದಕ್ಕೆ ಬೈಯುತ್ತಾರೆ, ನಾನು ಮನಸ್ಸಿನಲ್ಲೇ ದನಿಗೂಡಿಸುತ್ತೇನೆ. ಎರಡು ಸೀಟು ಎಂದಾಗ ಒಂದು ಕ್ಷಣ ನನ್ನ ಮನಸ್ಸು ಅರಳಿದ್ದು ನಿಜ. ನನ್ನನ್ನು ಕರೆಯುತ್ತಾನೆ ಅಂದುಕೊಂಡಿದ್ದೆ. ನಾನು ಎಂಥ ಪೆದ್ದಿ ನೋಡಿ.

“ಮೇಡಂ ಕಯಾಕ್ ಬಿರುಕು ಬಿಟ್ಟಿದೆ. ಅದು ರಿಪೇರಿ ಆಗೋ ತನಕ ನಮ್ದರಲ್ಲೇ ಬರ್ತಾರೆ. ಇದರ ಜೊತೆ ಒಂದೇ ಪ್ಯಾಡಲ್ ಬಂದಿರೋದು, ಒಂದೇ ಲೈಫ್ ಜಾಕೆಟ್. ಅವರಿಗೆ ಇನ್ನೊಂದು ಸೆಟ್ ತಗೋಬೇಕು. ಮೇಡಂಗೆ ಇವತ್ತು ಪುರುಸೊತ್ತಿಲ್ವಂತೆ. ಅದಕ್ಕೇ ನೀನು ಬಾ ಅಂದಿದ್ದು.”

ಹೋದೆ. ಯಾಕೆ ಹೋದೆ ಎಂದು ಕೇಳಿದರೆ, ಹೋಗದೆ ಮನೆಯಲ್ಲಿ ಕೂತು ಕುದಿಯುವುದಕ್ಕಿಂತ ಎದುರಿಗೇ ನೋಡಿ ಕುದಿಯುವುದು ವಾಸಿ. ಹಸಿರು ಚೂಡಿದಾರ್ ಹಾಕಿಕೊಂಡೆ, ಹೊಸದು.

ಅಂಗಡಿ ರಾಜಾಜಿನಗರದ ಒಂದು ಅಡ್ಡರಸ್ತೆಯಲ್ಲಿ, ರವಿಕೆ ಬಟ್ಟೆಯ ಅಂಗಡಿಯ ಮೇಲಿನ ಮಹಡಿ. ಗೋಡೆ ತುಂಬಾ ಗಾಳದ ಕೋಲುಗಳು, ರೀಲುಗಳು, ಬಣ್ಣಬಣ್ಣದ ರಬ್ಬರ್ ಮೀನುಗಳು. ಕೂದಲನ್ನು ಜುಟ್ಟು ಕಟ್ಟಿಕೊಂಡಿದ್ದ ಅಂಗಡಿಯವನ ಹೆಸರು ಆತ್ರೇಯ. ವಯಸ್ಸಿನಲ್ಲಿ ನನಗಿಂತ ಐದಾರು ವರ್ಷ ಚಿಕ್ಕವನಿರಬೇಕು, ಅಷ್ಟೇ.

“ಬನ್ನಿ ಸಾರ್. ಬನ್ನಿ ಆಂಟಿ” ಎಂದ.

ಆಂಟಿ. ಸರಿ, ಅವನ ಮೇಲೂ ಸಿಟ್ಟು ಬಂತು.

ನಾಗೇಂದ್ರ ಬೇಕಾದದ್ದನ್ನು ವಿವರಿಸಿದ. ಆತ್ರೇಯ ಮೊದಲು ಪ್ಯಾಡಲ್ಲುಗಳ ಕಡೆ ಕರೆದುಕೊಂಡು ಹೋದ.

“ಕಯಾಕ್ ಅಗಲ ಜಾಸ್ತಿ ಇದ್ಯಾ ಸಾರ್? ಸೀಟು ಎತ್ತರನಾ? ಹಾಗಿದ್ರೆ ಉದ್ದ ಪ್ಯಾಡಲ್ಲೇ ಬೇಕು. ಗಿಡ್ಡ ತಗೊಂಡ್ರೆ ಪ್ರತಿ ಸಲ ಬಗ್ಗಬೇಕು, ಬೆರಳ ಗೆಣ್ಣು ಪಕ್ಕಕ್ಕೆ ಬಡಿಯುತ್ತೆ. ಯಾರು ಹಾಕೋದು? ಎತ್ತರ ಎಷ್ಟಿದಾರೆ?”

“ಇವಳಿಗಿಂತ ಒಂದು ಬೆರಳು ಎತ್ತರ. ಭುಜ ಸ್ವಲ್ಪ ಅಗಲ” ಎಂದ ನನ್ನ ಗಂಡ, ಒಂದು ಕ್ಷಣವೂ ಯೋಚಿಸದೆ.

ಈ ಮನುಷ್ಯನಿಗೆ ನನ್ನ ರವಿಕೆಯ ಅಳತೆ ಗೊತ್ತಿಲ್ಲ. ಹೋದ ವರ್ಷ ಮದುವೆ ವಾರ್ಷಿಕೋತ್ಸವಕ್ಕೆ ಒಂದು ನೈಟಿ ತಂದಿದ್ದ, ಅದರೊಳಗೆ ನಾನು ಮತ್ತು ಅತ್ತೆ ಇಬ್ಬರೂ ಒಟ್ಟಿಗೆ ಹಿಡಿಸುತ್ತಿದ್ದೆವು. ಅವಳ ವಿಷಯಕ್ಕೆ ಬಂದರೆ ಬೆರಳಿನ ಲೆಕ್ಕ, ಭುಜದ ಲೆಕ್ಕ.

ಆತ್ರೇಯ ನನ್ನನ್ನು ನೆಟ್ಟಗೆ ನಿಲ್ಲಿಸಿ, ಪಕ್ಕದಲ್ಲಿ ಪ್ಯಾಡಲ್ ನಿಲ್ಲಿಸಿ, “ಕೈ ಮೇಲೆತ್ತಿ ಆಂಟಿ, ತುದಿ ಹಿಡೀರಿ” ಎಂದ. ಹಿಡಿದೆ. ಅದು ಸಾಲದು ಎಂದು ಇನ್ನೊಂದು ತಂದ. ಆಮೇಲೆ ಒಂದು ಪೀಠದ ಮೇಲೆ ಕೂರಿಸಿ, ಕಯಾಕಿನಲ್ಲಿ ಕೂತ ಹಾಗೆ ಕಾಲು ಚಾಚಿಸಿ, ಗಾಳಿಯಲ್ಲೇ ಪ್ಯಾಡಲ್ ಹಾಕಿಸಿದ. ನೀರಿಲ್ಲದ ಜಾಗದಲ್ಲಿ, ಇನ್ನೊಬ್ಬಳಿಗೋಸ್ಕರ, ಎಡಕ್ಕೊಂದು ಬಲಕ್ಕೊಂದು ಹಾಕುತ್ತಾ ಕೂತೆ. ನಾಗೇಂದ್ರ ತಲೆ ಓರೆ ಮಾಡಿ ನೋಡುತ್ತಿದ್ದ. ನನ್ನ ಮುಖ ಬಿಟ್ಟು ಉಳಿದದ್ದನ್ನೆಲ್ಲ ನೋಡಿದ.

“ಅಲ್ಯೂಮಿನಿಯಂದು ಗಟ್ಟಿ, ಆದ್ರೆ ಭಾರ. ಫೈಬರ್ ಹಗುರ” ಎಂದ ಆತ್ರೇಯ. “ಬೆಳಿಗ್ಗೆಯಿಂದ ಮಧ್ಯಾಹ್ನದ ತನಕ ಎತ್ತೆತ್ತಿ ಹಾಕ್ಬೇಕಲ್ಲ ಸಾರ್, ವ್ಯತ್ಯಾಸ ಭುಜಕ್ಕೆ ಗೊತ್ತಾಗುತ್ತೆ. ಈ ಅಲಗಿನಲ್ಲಿ ಹಲ್ಲು ಕೊಟ್ಟಿದಾರೆ ನೋಡಿ, ಗಾಳದ ದಾರ ಮುಳ್ಳುಕಂಟಿಗೆ ಸಿಕ್ಕಾಕ್ಕೊಂಡ್ರೆ ಎಳೆದು ಬಿಡಿಸೋಕೆ. ಈ ರಬ್ಬರ್ ಬಳೆ ಇರೋದು, ನೀರು ತೋಳಿಗೆ ಇಳಿಯದೆ ಇರ್ಲಿ ಅಂತ.”

“ಫೈಬರ್‌ದೇ ಕೊಡಿ. ಮೇಡಂಗೆ ಬಲಭುಜ ನೋವಿದೆ.”

ನಾನು ದಿನಾ ನೀರಿನ ಕ್ಯಾನು ಹೊತ್ತು ಎರಡು ಮಹಡಿ ಹತ್ತುತ್ತೇನೆ. ನನಗೆ ಯಾವ ಭುಜ ನೋಯುತ್ತದೆ ಎಂದು ಕೇಳಿ ನೋಡೋಣ, ಬಲ ಎನ್ನುತ್ತಾನೋ ಎಡ ಎನ್ನುತ್ತಾನೋ. ಹೊಟ್ಟೆ ಉರಿಯಿತು ಎಂದರೆ ಕಡಿಮೆಯೇ.

ಆಮೇಲೆ ಜಾಕೆಟ್ಟು. ಒಂದು ತೆಳ್ಳಗಿನದು ಇತ್ತು, ದಾರ ಎಳೆದರೆ ಗಾಳಿ ತುಂಬಿಕೊಳ್ಳುವಂಥದ್ದು. ನಾಗೇಂದ್ರನಿಗೆ ಅದು ಚೆಂದ ಕಂಡಿತು. ಆತ್ರೇಯ ಬೇಡವೆಂದ. “ಸುತ್ತ ಎಲ್ಲಾ ಕೊಕ್ಕೆಗಳೇ ಇರ್ತವಲ್ಲ ಸಾರ್. ಒಂದು ಚುಚ್ಚಿದ್ರೆ ಮುಗೀತು. ಫೋಮ್ ಇರೋದೇ ತಗೊಳ್ಳಿ. ಬೆನ್ನ ಕಡೆ ಫೋಮ್ ಮೇಲಕ್ಕಿರಬೇಕು. ಸೊಂಟದ ತನಕ ಇದ್ರೆ ಸೀಟಿಗೆ ಒತ್ತಿ ಇಡೀ ಜಾಕೆಟ್ಟು ಕತ್ತಿಗೆ ಬರುತ್ತೆ.” ಕಡುಹಸಿರು, ಕಿತ್ತಳೆ ಎರಡೂ ಬಣ್ಣ ಇದ್ದವು. ನೀರಿನಲ್ಲಿ ದೂರದಿಂದ ಕಾಣಲಿ ಎಂದು ಕಿತ್ತಳೆ ತೆಗೆದ.

ಮೊದಲು ಕೊಟ್ಟದ್ದು ನನಗೆ ದೊಡ್ಡದು. ಪಟ್ಟಿಗಳನ್ನೆಲ್ಲ ಹಾಕಿಕೊಂಡರೂ ಒಳಗೆ ಎರಡು ಕೈ ಆಡಿಸುವಷ್ಟು ಜಾಗ ಇತ್ತು.

“ಹೇಗಿದೆ ಆಂಟಿ?”

“ಸರಿಯಾಗಿದೆ. ಇದೇ ಇರಲಿ” ಎಂದೆ.

ಬೇಕೆಂದೇ ಹೇಳಿದೆ. ಅವಳು ಇದನ್ನು ಹಾಕಿಕೊಂಡು ಬಿದ್ದು, ಜಾಕೆಟ್ಟು ಕಿವಿಯ ತನಕ ಏರಿ, ಕೆದರಿದ ತಲೆ ಮಾತ್ರ ಮೇಲೆ ಕಾಣುವಂತಾಗಿ, ಆ ಫೋಟೋ ಯಾರಾದರೂ ತೆಗೆಯಲಿ ಎಂದು ಒಳಗೊಳಗೇ ಬಯಸಿದೆ. ಆದರೆ ಆತ್ರೇಯ ಹಿಂದೆ ಬಂದು ಎರಡೂ ಭುಜದ ಪಟ್ಟಿ ಹಿಡಿದು ಮೇಲಕ್ಕೆತ್ತಿದ. ಜಾಕೆಟ್ಟು ಗದ್ದ ದಾಟಿ ಮೂಗಿಗೆ ಬಂತು.

“ನೋಡಿ, ಹೀಗಾಗುತ್ತೆ. ನೀರಲ್ಲಿ ಜಾಕೆಟ್ಟು ತೇಲುತ್ತೆ, ಮನುಷ್ಯ ಒಳಗಿಂದ ಜಾರ್ತಾನೆ.”

ಜಾರ್ತಾನೆ. ಅಪ್ಪನ ಜೊತೆಗಾರನೊಬ್ಬ ತೆಪ್ಪದಿಂದ ಬಿದ್ದು ಮೇಲೆ ಬಾರದೆ ಹೋದದ್ದನ್ನು ಚಿಕ್ಕವಳಿದ್ದಾಗ ಕಂಡಿದ್ದೇನೆ. ಹೊಟ್ಟೆಕಿಚ್ಚು ಎಷ್ಟೇ ಇರಲಿ, ನೀರಿನ ಹತ್ತಿರ ಅದನ್ನು ಒಯ್ಯಬಾರದು. “ಇದಕ್ಕಿಂತ ಚಿಕ್ಕದು ಕೊಡಿ” ಎಂದು ನಾನೇ ಕೇಳಿದೆ. ಕೆಳಗಿನ ಪಟ್ಟಿಯಿಂದ ಶುರುಮಾಡಿ ಒಂದೊಂದನ್ನೇ ಬಿಗಿದುಕೊಂಡೆ. ಈಗ ಮೈಗೆ ಕಚ್ಚಿ ಕೂತಿತು, ಉಸಿರಿಗೆ ತೊಂದರೆ ಇಲ್ಲ, ತೋಳು ಆರಾಮಾಗಿ ಆಡುತ್ತಿತ್ತು.

“ಸಾರ್, ನೀವೇ ಎಳೆದು ನೋಡಿ” ಎಂದ ಆತ್ರೇಯ.

ನಾಗೇಂದ್ರ ನನ್ನ ಹಿಂದೆ ಬಂದು ನಿಂತ. ಎರಡೂ ಕೈ ನನ್ನ ಭುಜದ ಮೇಲಿಟ್ಟ. ಎಷ್ಟೋ ದಿನಗಳಾಗಿದ್ದವು, ಸುಳ್ಳು ಯಾಕೆ ಹೇಳಲಿ, ಒಂದು ಗಳಿಗೆ ಎಲ್ಲ ಸಿಟ್ಟೂ ಇಳಿಯಿತು. ಪಟ್ಟಿ ಹಿಡಿದು ಎತ್ತಿದ. ಜಾಕೆಟ್ಟು ಅಲುಗಲಿಲ್ಲ.

“ಸೂಪರ್. ಮೇಡಂಗೆ ಕರೆಕ್ಟಾಗಿ ಆಗುತ್ತೆ” ಎಂದ ನನ್ನ ಕಿವಿಯ ಹಿಂದೆ.

ಅಷ್ಟಕ್ಕೇ ಮುಗಿಯಲಿಲ್ಲ. ಕೊಳ್ಳುವ ಮುಂಚೆ ಒಂದು ಸಲ ಮೇಡಂಗೇ ತೋರಿಸಿಬಿಡೋಣ ಎಂದು ವೀಡಿಯೋ ಕಾಲ್ ಮಾಡಿದ. ಫೋನನ್ನು ನನ್ನ ಕಡೆ ಹಿಡಿದ. ಬಟ್ಟೆ ಅಂಗಡಿಯ ಬೊಂಬೆಗಾದರೂ ಕಣ್ಣಿರುವುದಿಲ್ಲ, ನನಗೆ ಎರಡೂ ಇದ್ದವು. ಪರದೆಯ ಮೇಲೆ ಅವಳ ಮುಖ ಬಂತು. ನಾನು ಅಂದುಕೊಂಡಿದ್ದಂತೆ ಇರಲಿಲ್ಲ. ಎಣ್ಣೆ ಹಾಕಿ ಬಾಚಿದ ತಲೆ, ಹಣೆಯಲ್ಲಿ ವಿಭೂತಿ, ದುಂಡನೆಯ ನಗುಮುಖ. ಆತ್ರೇಯ ಇಣುಕಿ “ನಮಸ್ತೆ ಮೇಡಂ” ಎಂದ. ನಾನು ಆಂಟಿ, ಅವಳು ಮೇಡಂ.

“ನಮಸ್ಕಾರ್ರೀ ಅಕ್ಕಾರ! ಅಯ್ಯ, ನಿಮ್ಮನ್ಯಾಕ ನಿಲ್ಲಿಸ್ಯಾರ್ರೀ? ನಾಳೆ ಕೆರಿಗೆ ಬಂದು ನಾನ ಹಾಕ್ಕೊಂಡು ನೋಡತಿದ್ನೆಲ್ಲ” ಎಂದಳು ವಚನಾ.

“ಪರವಾಗಿಲ್ಲ ಮೇಡಂ, ಅವಳು ಮನೇಲಿ ಸುಮ್ನೇ ಇದ್ಲು” ಎಂದ ನಾಗೇಂದ್ರ. ನನಗೆ, “ಸ್ವಲ್ಪ ತಿರುಗು, ಬೆನ್ನು ಕಾಣ್ಲಿ” ಎಂದ.

ತಿರುಗಿದೆ.

“ಭಾಳ ಚಲೋ ಐತ್ರೀ. ಅಕ್ಕಾರ, ನೀವೂ ಒಂದಿನ ಬರ್ರೀ ಕೆರಿಗೆ. ನಿಮ್ಮವರು ಮೀನ ಹಿಡಿಯೂದು ನೋಡಬೇಕು ನೀವು. ಹೋದ ವಾರ ನಾವೆಲ್ಲಾ ಸೇರಿ ಹಿಡಿದದ್ದಕ್ಕಿಂತ ಇವರೊಬ್ಬರ ಹಿಡಿದದ್ದು ಹೆಚ್ಚು. ಒಂದಂತೂ ಮೊಳದುದ್ದ ಇತ್ತು! ಎಲ್ಲಾ ತಿರುಗಿ ನೀರಿಗೇ ಬಿಟ್ಟರು. ಬ್ಯಾರೆ ಮಂದಿ ಚೀಲ ತುಂಬಕೊಂಡು ಹೋಗತಾರ, ನಿಮ್ಮವರು ಒಂದೂ ಇಟ್ಕೊಂಡಿಲ್ಲ ನೋಡ್ರೀ ಇವತ್ತಿಗೂ. ನಿಮ್ಮನ್ಯಾಗೂ ನಮ್ಮಂಗ ಯಾರೂ ತಿನ್ನೂದಿಲ್ಲಂತಲ್ರೀ, ಹೇಳ್ಯಾರ ಅವರು.”

ನಾನು ಇನ್ನೂ ಬೆನ್ನು ತೋರಿಸಿಕೊಂಡೇ ನಿಂತಿದ್ದೆ. ಮೆಲ್ಲಗೆ ಈ ಕಡೆ ತಿರುಗಿದೆ. ನಾಗೇಂದ್ರನ ಕಣ್ಣು ನನ್ನ ಕಣ್ಣಲ್ಲಿತ್ತು. ಬೆಳಿಗ್ಗೆಯಿಂದ ಮೊದಲ ಸಲ ನನ್ನ ಮುಖ ನೋಡಿದ್ದ. ದಮ್ಮಯ್ಯ ಎನ್ನುತ್ತಿತ್ತು ಆ ಕಣ್ಣು.

“ಅಲ್ವೇನ್ರೀ ಅಕ್ಕಾರ?” ಎಂದಳು ಅವಳು, ಅದೇ ನಗುವಿನಲ್ಲಿ.

“ಹೂಂ” ಎಂದೆ.

ಯಾಕೆ ಹೂಂ ಎಂದೆನೋ ಆ ದೇವರಿಗೇ ಗೊತ್ತು. ಹೊರಗಿನವರ ಮುಂದೆ ಗಂಡನನ್ನು ಬಿಟ್ಟುಕೊಡಬಾರದು ಎಂಬುದು ನಾಲಿಗೆಗೆ ಅಂಟಿಹೋಗಿದೆ. ಮನಸ್ಸು ಕೂಗುತ್ತಿದ್ದದ್ದೇ ಬೇರೆ. ಹುರಿದು ರುಬ್ಬಿದ ಮಸಾಲೆ, ಒಡೆದು ಹಾಕಿದ ಮೊಟ್ಟೆ, ಪಾಪ ಎಂದು ನಾನು ಮರುಗಿದ್ದು, ಎಲ್ಲ ಒಟ್ಟಿಗೆ ಕಣ್ಣ ಮುಂದೆ ಬಂತು. ಉಪ್ಪು ಮೆಣಸಿನಕಾಯಿ ಹಿಡಿದು ಆ ಕೋಲಿಗೆ ನಾನು ಸುತ್ತು ಬರುತ್ತಿದ್ದರೆ ಇವನು ಗೋಡೆಗೆ ಒರಗಿ ನಿಂತು ನೋಡಿದನಲ್ಲ.

ವಾಪಸ್ ಬರುವಾಗ ಸ್ಕೂಟರಿನ ಹಿಂದೆ ಕೂತು ನಡುವೆ ಬಿಚ್ಚಿಟ್ಟ ಆ ಪ್ಯಾಡಲ್ಲಿನ ಎರಡು ತುಂಡನ್ನೂ ಜಾಕೆಟ್ಟಿನ ಚೀಲವನ್ನೂ ನಾನೇ ಹಿಡಿದುಕೊಂಡಿದ್ದೆ. ಹೊಸಹಳ್ಳಿ ಹತ್ತಿರ ಸಿಗ್ನಲ್ ಬಿತ್ತು.

“ಯಾವಾಗ ಬಿಟ್ರಿ?” ಎಂದು ಕೇಳಿದೆ.

“ಏನನ್ನ?”

“ಮೀನು ತಿನ್ನೋದನ್ನ.”

ಅವನು ಕನ್ನಡಿಯಲ್ಲಿ ನೋಡಿದ. “ಅದಾ? ಒಂದಿನ ಮಧ್ಯಾಹ್ನ ಎಲ್ಲಾ ಒಟ್ಟಿಗೆ ಊಟಕ್ಕೆ ಕೂತಿದ್ವಿ. ಅವರೆಲ್ಲಾ ರೊಟ್ಟಿ, ಪಲ್ಯ. ನಿಮ್ಮನೇಲಿ ಹೇಗೆ ಅಂತ ಯಾರೋ ಕೇಳಿದ್ರು. ಬಾಯಿಗೆ ಬಂತು, ಹೇಳ್ಬಿಟ್ಟೆ. ಆಮೇಲೆ ಹೇಗೆ ವಾಪಸ್ ತಗೊಳ್ಳೋದು?”

“ತಿಂದ್ರೆ ಸೇರಿಸಲ್ಲ ಅಂದ್ರಾ ಅವರು?”

“ಛೆ, ಇಲ್ಲಪ್ಪ. ಮೇಡಂ ಹಾಗಲ್ಲ. ಅವರು ಏನೂ ಅಂದ್ಕೊಳ್ಳಲ್ಲ.”

“ಮತ್ತೆ?”

“ನಿಂಗೆ ಗೊತ್ತಾಗಲ್ಲ ಬಿಡು ಶಶಿ. ಅವರ ಮಧ್ಯೆ ಇರ್ಬೇಕು ಅಂದ್ರೆ ಸ್ವಲ್ಪ… ನಿನ್ನ ಮೇಲೇನೂ ಹೇಳಿಲ್ವಲ್ಲ ನಾನು? ನೀನ್ಯಾಕೆ ಮಧ್ಯ ಬರ್ತೀಯ ಇದರಲ್ಲಿ?”

ಸಿಗ್ನಲ್ ಬಿಟ್ಟಿತು. ಇವನು ಆ ವಚನಾಳನ್ನು ಮೆಚ್ಚಿಕೊಂಡಿದ್ದರೆ ನನಗೆ ಏನು ಮಾಡಬೇಕೆಂದು ಗೊತ್ತಿತ್ತು. ಬಸವೇಶ್ವರನಗರಕ್ಕೆ ಹೋಗಿ ಬಾಗಿಲು ಬಡಿದು ಬರುತ್ತಿದ್ದೆ. ಆದರೆ ಇವನಿಗೆ ಬೇಕಾಗಿದ್ದದ್ದು ಅವಳಲ್ಲ, ಅವಳಂಥ ಮನೆ. ಆ ಮನೆಯಲ್ಲಿ ಮೀನಿನ ವಾಸನೆ ಇಲ್ಲ, ಮುನಿಯಣ್ಣ ಇಲ್ಲ, ನಾನಿಲ್ಲ. ಇಲ್ಲದ ಆ ಮನೆಯ ಮೇಲೆ ನನಗೆ ಇನ್ನಿಲ್ಲದ ಹೊಟ್ಟೆಕಿಚ್ಚು ಬಂತು. ಜಗಳವಾಡೋಣವೆಂದರೆ ಅದಕ್ಕೆ ಬಾಗಿಲೇ ಇಲ್ಲ.

ಭಾನುವಾರ ಇನ್ನೂ ಮಬ್ಬಿರುವಾಗಲೇ ಗುಂಪಿನವರ ಗಾಡಿ ಬಂತು. ಕಯಾಕ್ ಇಳಿಸಿ, ಕಟ್ಟಿ, ಹೊರಟುಹೋದರು. ನಾನು ಅತ್ತೆಗೆ ಕಾಫಿ ಕೊಟ್ಟು, ಚೀಲ ಹಿಡಿದು ಮೀನಂಗಡಿಗೆ ಹೋದೆ. ಎಷ್ಟೋ ದಿನದ ಮೇಲೆ ದುಡ್ಡು ಕೊಟ್ಟು ಮೀನು ಕೊಂಡೆ. ಒಳ್ಳೆಯ ಕಾಟ್ಲಾ, ಕಿವಿರು ಎತ್ತಿ ನೋಡಿದರೆ ಕೆಂಪು ಇನ್ನೂ ಮಾಸಿರಲಿಲ್ಲ. ತಲೆಯನ್ನು ಒಡೆಯದೆ ಇಡಿಯಾಗಿ ಕೊಡಿ ಎಂದು ಹೇಳಿ ಹಾಕಿಸಿಕೊಂಡೆ. ಮನೆಗೆ ಬಂದು, ಇರುವ ಪ್ರೀತಿಯನ್ನೆಲ್ಲ ಮತ್ತು ಇರುವ ಸಿಟ್ಟನ್ನೆಲ್ಲ ಹಾಕಿ ಸಾರು ಮಾಡಿದೆ. ಪಕ್ಕದ ಒಲೆಯಲ್ಲಿ ಒಂದು ಚಿಕ್ಕ ಪಾತ್ರೆ ತಿಳಿಸಾರು ಇಟ್ಟೆ, ಮೆಣಸು ಜೀರಿಗೆ ಕುಟ್ಟಿ ಹಾಕಿ.

ನಾಗೇಂದ್ರ ಮಧ್ಯಾಹ್ನ ಬಂದ. ಮೆಟ್ಟಿಲ ಮೇಲೇ ಅವನಿಗೆ ವಾಸನೆ ಹತ್ತಿರಬೇಕು, ಎರಡೆರಡು ಮೆಟ್ಟಿಲು ಹಾರಿ ಬಂದ ಸದ್ದು ಕೇಳಿಸಿತು. ಮುಖ ತೊಳೆದು ಬಂದು, ಏನೂ ನಡೆದೇ ಇಲ್ಲ ಎನ್ನುವಂತೆ ತಟ್ಟೆಯ ಮುಂದೆ ಕೂತ. ನಮ್ಮ ಮನೆಯಲ್ಲಿ ಊಟ ಇನ್ನೂ ನೆಲದ ಮೇಲೇ. ಅತ್ತೆ ಅಂಜಮ್ಮ ಆಗಲೇ ಗೋಡೆಗೆ ಒರಗಿ ಕೂತು ಶುರುಮಾಡಿದ್ದರು. ಹಲ್ಲು ಎಷ್ಟೋ ಬಿದ್ದಿವೆ, ಆದರೂ ಮುಳ್ಳು ಬಿಡಿಸುವುದರಲ್ಲಿ ಅವರನ್ನು ಮೀರಿಸುವವರಿಲ್ಲ. ಬಿಡಿಸಿದ ಮುಳ್ಳುಗಳನ್ನು ತಟ್ಟೆಯ ಅಂಚಿಗೆ ಸಾಲಾಗಿ ಜೋಡಿಸುತ್ತಾರೆ.

ನಾನು ಗಂಡನ ತಟ್ಟೆಗೆ ಅನ್ನ ಹಾಕಿದೆ. ಅದರ ಮೇಲೆ ತಿಳಿಸಾರು ಹಾಕಿದೆ.

ಅವನು ತಟ್ಟೆ ನೋಡಿದ, ನನ್ನನ್ನು ನೋಡಿದ.

“ಅವನಿಗ್ಯಾಕೆ ಮೀನ್ ಹಾಕ್ಲಿಲ್ಲ?” ಎಂದರು ಅತ್ತೆ.

“ಅವರು ಬಿಟ್ಟಿದಾರಂತೆ ಅತ್ತೆ.”

“ಇವನಾ? ಶ್ರಾವಣ ಮಾಸದಲ್ಲೇ ಬಿಡ್ದೋನು! ಯಾವ ದೇವ್ರಿಗೆ ಹರಕೆ ಹೊತ್ಕೊಂಡಿದೀಯೋ?”

“ಶಶಿ, ಸಾಕು ಮಾಡು. ಹಾಕು” ಎಂದ ನಾಗೇಂದ್ರ, ತಗ್ಗಿದ ದನಿಯಲ್ಲಿ.

“ಹಾಕ್ತೀನಿ. ತಲೆ ನಿಮಗೇ ಅಂತ ಎತ್ತಿಟ್ಟಿದೀನಿ. ಅವರಿಗೆ ಒಂದೇ ಒಂದು ಮಾತು ಹೇಳಿ, ನಮ್ಮನೇಲಿ ತಿಂತೀವಿ ಅಂತ. ನಾನಿನ್ನೇನೂ ಕೇಳಲ್ಲ.”

“ಇದನ್ನ ಹೇಳೋಕೆ ಫೋನ್ ಮಾಡ್ಬೇಕಾ? ಹುಚ್ಚು ಅಂದ್ಕೋತಾರೆ.”

“ನೀವಾಗೇ ಮಾಡ್ಬೇಡಿ. ಅವರೇ ಮಾಡ್ತಾರಲ್ಲ, ಆಗ ಹೇಳಿ.”

ಕೆರೆಯಿಂದ ಹೊರಟವರೆಲ್ಲ ಮನೆ ಸೇರಿದರೋ ಇಲ್ಲವೋ ಎಂದು ವಚನಾ ಪ್ರತಿ ಭಾನುವಾರ ಒಬ್ಬೊಬ್ಬರಿಗೂ ಫೋನ್ ಮಾಡಿ ವಿಚಾರಿಸುತ್ತಾಳೆ. ಅದು ಅವಳ ಒಳ್ಳೆಯ ಗುಣ, ನನಗೆ ಇಷ್ಟವಿಲ್ಲದಿದ್ದರೂ ಹೇಳಬೇಕು. ನಾಗೇಂದ್ರ ಅನ್ನ ಕಲಸತೊಡಗಿದ. ಒಂದು ತುತ್ತು ಬಾಯಿಗೆ ಹೋಗುವಷ್ಟರಲ್ಲಿ ಫೋನು ಬಂತು. ಬಲಗೈ ಎಂಜಲು, ಎಡಗೈ ಬೆರಳಿನಲ್ಲಿ ಒತ್ತಿ ಸ್ಪೀಕರಿಗೆ ಹಾಕಿದ.

“ಮನಿ ಮುಟ್ಟಿದ್ರೇನ್ರೀ ನಾಗೇಂದ್ರ ಅವ್ರೇ?”

“ಮುಟ್ಟಿದೆ ಮೇಡಂ.”

“ಊಟಾ ಆತೇನ್ರೀ? ಏನ್ ಸಾರು ಮಾಡ್ಯಾರ ಅಕ್ಕಾರು ಇವತ್ತ?”

ಯಾರು ಯಾರಿಗೆ ಫೋನ್ ಮಾಡಿದರೂ ಕೇಳುವ ಮಾತು ಇದು. ಇದರಲ್ಲಿ ಕೊಂಕಿಲ್ಲ, ಪರೀಕ್ಷೆಯಿಲ್ಲ. ನಾಗೇಂದ್ರ ತಲೆಯೆತ್ತಿದ. ಮೀನಿನ ಪಾತ್ರೆ ನೋಡಿದ, ನನ್ನನ್ನು ನೋಡಿದ. ಹೇಳುತ್ತಾನೆ ಎಂದು ನನಗೆ ನಿಜವಾಗಿಯೂ ಅನ್ನಿಸಿತು. ನನ್ನ ಕೈ ಆಗಲೇ ಸೌಟಿನ ಮೇಲೆ ಹೋಗಿತ್ತು. ಅವನು ‘ಮೀ’ ಎನ್ನಲಿ ಸಾಕು, ‘ನು’ ನಾನೇ ಸೇರಿಸಿಕೊಳ್ಳುತ್ತಿದ್ದೆ.

“ತಿಳಿಸಾರು ಮೇಡಂ” ಎಂದ.

ಅಷ್ಟಕ್ಕೇ ನಿಲ್ಲಿಸಿದ್ದರೆ ಅದು ಸುಳ್ಳೂ ಆಗುತ್ತಿರಲಿಲ್ಲ. ಅವನ ತಟ್ಟೆಯಲ್ಲಿದ್ದದ್ದು ಅದೇ, ಬಡಿಸಿದವಳು ನಾನೇ. ಆದರೆ ಅವನು ನಿಲ್ಲಿಸಲಿಲ್ಲ.

“ಮನೇಲಿ ಎಲ್ರಿಗೂ ಅದೇ ಮೇಡಂ. ನಮ್ಮಮ್ಮಂಗಂತೂ ಮೊದ್ಲಿಂದಾನೂ ಅದೇ ಅಭ್ಯಾಸ, ಬೇರೆ ಏನೂ ಮುಟ್ಟಲ್ಲ.”

“ಚಲೋ ಆತು ಬಿಡ್ರೀ. ಆರಾಮ್ ಮಾಡ್ರೀ” ಎಂದಳು ಅವಳು. ಫೋನು ಕಟ್ಟಾಯಿತು.

ಅತ್ತೆ ಬಾಯಿಂದ ಮುಳ್ಳೊಂದನ್ನು ತೆಗೆಯುತ್ತಿದ್ದವರು ಹಾಗೇ ನಿಲ್ಲಿಸಿದರು. ಮಗನ ಕಡೆ ನೋಡಿದರು. ಅವರಿಗೆ ಕಯಾಕೂ ಗೊತ್ತಿಲ್ಲ, ವಚನಾಳೂ ಗೊತ್ತಿಲ್ಲ. ಆದರೆ ತಮ್ಮ ಬಗ್ಗೆ ಮಗ ಆಡಿದ ಮಾತು ಗೊತ್ತಾಯಿತು. ತಟ್ಟೆಯನ್ನು ಮೆಲ್ಲಗೆ ಗೋಡೆಯ ಕಡೆಗೆ ಎಳೆದುಕೊಂಡರು. ಅಂಚಿನಲ್ಲಿ ಜೋಡಿಸಿಟ್ಟಿದ್ದ ಮುಳ್ಳುಗಳನ್ನು ಒಟ್ಟುಮಾಡಿ, ಯಾರಿಗೂ ಕಾಣದ ಹಾಗೆ ಅನ್ನದ ಕೆಳಗೆ ತಳ್ಳಿದರು. ಆಮೇಲೆ ಸೆರಗಿನಿಂದ ಬಾಯಿ ಒರೆಸಿಕೊಂಡರು.

ನಾಗೇಂದ್ರ ಅದನ್ನು ನೋಡಿದ. ಅವನ ಕೈ ತಿಳಿಸಾರಿನ ಅನ್ನದಲ್ಲೇ ಉಳಿಯಿತು. “ಅಮ್ಮಾ” ಎಂದ. ಅವರು ಈ ಕಡೆ ತಿರುಗಲಿಲ್ಲ.

ನಾನು ಮೀನಿನ ಪಾತ್ರೆ ತೆಗೆದುಕೊಂಡು ಹೋಗಿ ಅತ್ತೆಯ ಪಕ್ಕದಲ್ಲಿ ಕೂತೆ. ಇವನಿಗೆಂದು ಎತ್ತಿಟ್ಟಿದ್ದ ತಲೆಯನ್ನು ಸಾರಿನ ಸಮೇತ ಅವರ ತಟ್ಟೆಗೆ ಹಾಕಿದೆ.

“ತಿನ್ನಿ ಅತ್ತೆ” ಎಂದೆ. “ನಿಮ್ಮ ಮನೇಲಿ ನೀವು ಕೂತಿದೀರ.”